ಒಂದು ಪ್ಲೇಟು ತನ್ನಿ

ನಮ್ಮ ಲ್ಯಾಬಿನ ಡೀಪ್ ಫ್ರೀಜರ್ ವಾರದ ರಜೆಯಲ್ಲಿ ಯಾವಾಗಲೋ ಸತ್ತಿತ್ತು. ಅದು ಗೊತ್ತಾದದ್ದು ಸೋಮವಾರ, ವಾಸನೆಯಿಂದ. ಅದರೊಳಗೆ ಇದ್ದದ್ದು ಎರಡೇ: ನೀರು ಪರೀಕ್ಷೆಗೆ ಬೇಕಾದ ಬೆಳಕು ಬೀರುವ ಬ್ಯಾಕ್ಟೀರಿಯಾದ ಸೀಸೆಗಳು, ಮತ್ತು ನಾನು ಈಸ್ಟರ್‌ಗೆ ತಂದಿಟ್ಟು ಮರೆತಿದ್ದ ಸೀಗಡಿ. ಎರಡೂ ಹಾಳಾಗಿದ್ದವು. ಸೀಗಡಿಯನ್ನು ಲ್ಯಾಬಿನ ಫ್ರೀಜರಿನಲ್ಲಿ ಇಡಬಾರದು ಎಂದು ಮುಚ್ಚಳದ ಮೇಲೆ ಬರೆದಿತ್ತು. ಬರೆದವಳು ನಾನೇ.

ವಿಲ್ಗಾ ಬೆಂಡ್ ಕ್ವೀನ್ಸ್‌ಲೆಂಡಿನ ಕರಾವಳಿಯಲ್ಲಿ, ಕಬ್ಬಿನ ಗದ್ದೆಗಳಿಗೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡಿರುವ ಊರು. ಗದ್ದೆಗೆ ಹೊಡೆದ ಕಳೆನಾಶಕ, ಶೆಡ್ಡಿನಲ್ಲಿ ಚೆಲ್ಲಿದ, ಪೇಂಟ್ ಕರಗಿಸುವ ಸಾಲ್ವೆಂಟು ಎಲ್ಲವೂ ಕೊನೆಗೆ ನೀರಿಗೆ ಬರುತ್ತವೆ. ಆ ನೀರು ಬಾಟಲಿಯಲ್ಲಿ ನಮ್ಮ ಮೇಜಿಗೆ ಬರುತ್ತದೆ. ಲ್ಯಾಬಿನಲ್ಲಿ ಇಬ್ಬರೇ ಇದ್ದೆವು. ಟೀಗನ್ ಎಂಬ ನಾನು, ಇಲ್ಲೇ ಹುಟ್ಟಿದವಳು. ಮತ್ತು ಡಾಕ್ಟರ್ ಫರ್ಗಸ್ ಇಮ್ರಿ, ಹೋದ ತಿಂಗಳು ಸ್ಕಾಟ್ಲೆಂಡಿನ ಅಬರ್ಡೀನಿನಿಂದ ಬಂದವನು. ಮಾತೃಭಾಷೆ ಇಂಗ್ಲಿಷ್ ಎಂದು ಅವನ ಅರ್ಜಿಯಲ್ಲಿ ಇತ್ತು. ಮೊದಲ ವಾರ ನಾನು ಅದನ್ನು ನಂಬಲಿಲ್ಲ. ನಾವು ಆಡುವುದು ಇಂಗ್ಲಿಷ್ ಎಂದು ಅವನೂ ನಂಬಲಿಲ್ಲ.

ಬ್ಯಾಕ್ಟೀರಿಯಾದ ಕೆಲಸ ಸುಲಭ. ಅವು ಸಮುದ್ರದ ಜೀವಿಗಳು. ಆರೋಗ್ಯವಾಗಿದ್ದರೆ ನೀಲಿ-ಹಸಿರು ಬಣ್ಣದಲ್ಲಿ ಸುಮ್ಮನೆ ಹೊಳೆಯುತ್ತಿರುತ್ತವೆ. ಕೀಟನಾಶಕವೋ ಪೇಂಟಿನ ಥಿನ್ನರೋ ಸೇರಿದ ನೀರನ್ನು ಅವುಗಳ ಮೇಲೆ ಹೊಯ್ದರೆ ಮಂಕಾಗುತ್ತವೆ. ಎಷ್ಟು ಮಂಕಾದವು ಎಂಬುದನ್ನು ಒಂದು ಯಂತ್ರ ಅಳೆಯುತ್ತದೆ. ವಿಷ ಯಾವುದು, ಸುರಿದವರು ಯಾರು ಎಂದು ಅವು ಹೇಳುವುದಿಲ್ಲ. ಈ ವಿಷಯದಲ್ಲಿ ಅವು ನಮ್ಮೂರಿನವರ ಹಾಗೆಯೇ. ಏನೋ ಸರಿಯಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಕೂರುತ್ತವೆ, ಕಾರಣ ಬಾಯಿಬಿಡುವುದಿಲ್ಲ.

ಫರ್ಗಸ್ ಹಿಂದಿನ ವಾರ ಒಂದು ಸೀಸೆ ತೆರೆದು ಪ್ಲೇಟಿನಲ್ಲಿ ಬೆಳೆಸಿಕೊಂಡಿದ್ದ. ಪ್ಲೇಟು ಎಂದರೆ ಅಂಗೈಯಗಲದ ಗಾಜಿನ ತಟ್ಟೆ, ಅದರಲ್ಲಿ ಉಪ್ಪು ಹಾಕಿದ ಜೆಲ್ಲಿಯಂಥ ಆಹಾರ, ಅದರ ಮೇಲೆ ಬ್ಯಾಕ್ಟೀರಿಯಾ. ಕೆಲಸಕ್ಕೆ ಅಂತ ಬೆಳೆಸಿದ್ದಲ್ಲ, ಅವನಿಗೆ ಅವುಗಳನ್ನು ನೋಡುವುದು ಇಷ್ಟ. ಊಟದ ಬಿಡುವಿನಲ್ಲಿ ಸ್ಟೋರ್ ರೂಮಿನ ದೀಪ ಆರಿಸಿ ಪ್ಲೇಟಿನ ಮುಂದೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಫ್ರೀಜರ್ ಸತ್ತ ಮೇಲೆ ಆ ಚಟವೇ ನಮ್ಮ ಕೈಹಿಡಿಯಿತು. ಸಿಡ್ನಿಯಿಂದ ಹೊಸ ಸೀಸೆಗಳು ಬರುವುದು ಮುಂದಿನ ವಾರ. ಅಲ್ಲಿಯವರೆಗೆ ಊರಿನಲ್ಲಿ ಜೀವಂತವಾಗಿದ್ದ ಬ್ಯಾಕ್ಟೀರಿಯಾ ಅದೊಂದೇ. ಅವನು ಅದರಿಂದ ಹೊಸ ಪ್ಲೇಟುಗಳಿಗೆ ಹಚ್ಚಿದ. ಕಬ್ಬಿನ ಗದ್ದೆಗೆ ಬೆಂಕಿ ಹಾಕುವ ಕಾಲ ಅದು, ಕಿಟಕಿ ಸಂದಿಯಿಂದೆಲ್ಲ ಬೂದಿ, ಬೂದಿಯ ಜೊತೆ ಬೂಷ್ಟು. ಒಂದು ಪ್ಲೇಟು ಬಿಟ್ಟು ಉಳಿದವೆಲ್ಲ ಉಣ್ಣೆಯ ಟೋಪಿಯ ಹಾಗೆ ಆದವು.

ಬುಧವಾರ ಬೆಳಿಗ್ಗೆ ಊರಂಚಿನ ಹೊಳೆಯ ಮಡುವಿನಲ್ಲಿ, ದೋಣಿಕಟ್ಟೆಯ ಹತ್ತಿರ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕೌನ್ಸಿಲ್ಲಿನ ಆರೋಗ್ಯಾಧಿಕಾರಿ ಟ್ರೆವರ್ ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಲ್ಯಾಬಿಗೆ ಬಂದ. ಟ್ರೆವರ್ ನನ್ನ ಜೊತೆ ಶಾಲೆಯಲ್ಲಿ ಓದಿದವನು. ಆಗಲೂ ಹೀಗೇ ಇದ್ದ.

"ರೂಲ್ಸ್ ಪ್ರಕಾರ ನಂಗೆ ಶುಕ್ರವಾರ ಸಂಜೆ ಒಳಗೆ ರಿಪೋರ್ಟ್ ಬೇಕು. ನೀರು ಸರಿಯಿದೆ ಅಂತ ಬಂದ್ರೆ ಶನಿವಾರ ರೇಸ್ ಇರತ್ತೆ. ಇಲ್ಲಾಂದ್ರೆ ಇಲ್ಲ," ಎಂದ.

"ಮೊಸಳೆ ಇದೆ ಅನ್ನೋ ಬೋರ್ಡ್ ಪಕ್ಕದಲ್ಲೇ ರೇಸ್ ಮಾಡ್ತೀವಿ. ಆವಾಗ ನಿನ್ ರೂಲ್ಸ್ ಎಲ್ಲಿರತ್ತೆ?" ಎಂದೆ.

"ಮೊಸಳೆ ನನ್ ಡಿಪಾರ್ಟ್‌ಮೆಂಟ್ ಅಲ್ಲ."

ರೇಸ್ ಎಂದರೆ ಸ್ನಾನದ ಟಬ್ಬುಗಳ ರೇಸ್. ವರ್ಷಕ್ಕೊಮ್ಮೆ ಊರಿನವರು ಹಳೇ ಬಾತ್‌ಟಬ್ಬುಗಳಲ್ಲಿ ಕೂತು, ಹುಟ್ಟು ಹಾಕಿಕೊಂಡು, ಮಡುವಿನ ಈ ದಡದಿಂದ ಆ ದಡಕ್ಕೆ ಹೋಗುತ್ತಾರೆ. ಹೊರಗಿನವರಿಗೆ ಇದು ತಮಾಷೆ. ನೊರೀನ್‌ಗೆ ಅಲ್ಲ.

ಟ್ರೆವರ್‌ನ ಗಾಡಿ ಗೇಟು ದಾಟುವ ಮೊದಲೇ ನೊರೀನ್ ಒಳಗೆ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಗಿಡ್ಡ, ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೊಡ್ಡ ಹಂಡೆಗಳನ್ನು ಎತ್ತಿ ಎತ್ತಿ ತೋಳು ಮಾತ್ರ ಇನ್ನೂ ಗಟ್ಟಿ. ಪ್ರತಿ ವರ್ಷ ಟಬ್ ರೇಸಿನಲ್ಲಿ ಎರಡನೆಯವಳು. ಮೊದಲನೆಯವಳು ಆಕೆಯ ಅಕ್ಕ ಡಾಟ್.

"ನಿಮ್ಮ ಹುಳ ಏನಂತಾವೆ?" ಎಂದಳು.

"ಇನ್ನೂ ಏನೂ ಹೇಳಿಲ್ಲ ನೊರೀನ್. ನಾಳೆ ರಾತ್ರಿ ಹೊತ್ತಿಗೆ ಚೆನ್ನಾಗಿ ಬೆಳೀತಾವೆ. ಶುಕ್ರವಾರ ಬೆಳಿಗ್ಗೆ ಕೇಳ್ತೀವಿ."

"ಕಬ್ಬಿನವರ ಕಳೆನಾಶಕ ಕಣೇ ಅದು. ಕೇಳೋದೇನಿದೆ ಅದ್ರಲ್ಲಿ?" ಆಕೆ ಸ್ಟೂಲ್ ಎಳೆದುಕೊಂಡು ಕೂತಳು. "ನೋಡು ಟೀಗನ್. ಡಾಟ್ ಬರೋ ವಾರ ಪರ್ತ್‌ಗೆ ಹೋಗ್ತಿದಾಳೆ, ಮಗಳ ಮನೆಗೆ. ವಾಪಸ್ ಬರಲ್ಲ. ಇದೇ ಕೊನೇ ರೇಸು. ಇದು ಆಗ್ಲಿಲ್ಲ ಅಂದ್ರೆ ಅವಳು ಸೋಲದೆ ಹೋಗ್ತಾಳೆ. ದೇಶದ ಆ ತುದೀಲಿ ಕೂತ್ಕೊಂಡು ಸಾಯೋವರೆಗೂ ಫೋನ್ ಮಾಡಿ ಅದನ್ನೇ ಹೇಳ್ತಾಳೆ."

"ಫೋನ್ ಎತ್ಬೇಡಿ," ಎಂದ ಫರ್ಗಸ್.

ನೊರೀನ್ ಅವನನ್ನು ನೋಡಿದಳು. "ಇವನೇನಂದ?"

"ಫೋನ್ ಎತ್ಬೇಡಿ ಅಂದ."

"ಅಕ್ಕ ಕಣಪ್ಪಾ ಅವಳು. ಎತ್ತದೆ ಇದ್ರೆ ಪೋಲೀಸ್ ಕಳಿಸ್ತಾಳೆ." ಆಕೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಈ ಸಲ ನಾನು ಗೆಲ್ತೀನಿ. ಟಬ್ಬಿನ ಬುಡಕ್ಕೆ ಮೂರು ಕೋಟ್ ಪೇಂಟ್ ಹೊಡ್ದಿದೀನಿ, ಕೆಂಪು. ಬೆಣ್ಣೆ ಥರ ಜಾರತ್ತೆ. ಯಾರಿಗೂ ಹೇಳ್ಬೇಡ."

ಹೇಳುವ ಅಗತ್ಯವಿರಲಿಲ್ಲ. ಮೊಣಕೈಯವರೆಗೆ ಕೆಂಪಾಗಿದ್ದಳು.

ಗುರುವಾರ ಮಧ್ಯಾಹ್ನಕ್ಕೆ ಪ್ಲೇಟು ಚೆನ್ನಾಗಿ ಹೊಳೆಯಲು ಶುರುವಾಯಿತು. ಫರ್ಗಸ್ ಸ್ಟೋರ್ ರೂಮಿನಿಂದ ನಗುತ್ತಾ ಬಂದ. ನಾನು ಸತ್ತ ಫ್ರೀಜರನ್ನು ಸೀಗಡಿ ಸಮೇತ ಹಿತ್ತಿಲಿಗೆ ಎಳೆದು ಹಾಕಿ ಬಂದಿದ್ದೆ, ಸೀಗಡಿಯ ವಾಸನೆ ಮೂಗಿನಲ್ಲೇ ಇತ್ತು. ಅವತ್ತು ಸಂಜೆ ಕಮ್ಯುನಿಟಿ ಹಾಲಿನಲ್ಲಿ ರೇಸಿಗೆ ಮುಂಚಿನ ಊಟ. ಪ್ರತಿ ವರ್ಷ ಇರುತ್ತದೆ. ಹೊಸಬನನ್ನು ಕರೆಯದಿದ್ದರೆ ಚೆನ್ನಾಗಿರುವುದಿಲ್ಲ.

"ಸಂಜೆ ಹಾಲ್‌ಗೆ ಬಾ ಫರ್ಗಸ್. ಊರೋರೆಲ್ಲ ಬರ್ತಾರೆ. ಒಂದು ಪ್ಲೇಟು ತಾ."

ನಮ್ಮ ಕಡೆ ಈ ಮಾತಿಗೆ ಒಂದೇ ಅರ್ಥ: ತಿನ್ನುವುದು ಏನಾದರೂ ಮಾಡಿಕೊಂಡು ತಟ್ಟೆಯಲ್ಲಿ ಹಾಕಿಕೊಂಡು ಬಾ, ಎಲ್ಲರೂ ಹಂಚಿಕೊಳ್ಳೋಣ. ಇದನ್ನು ವಿವರಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಫರ್ಗಸ್‌ನ ನಗು ನಿಂತಿತು. "ಪ್ಲೇಟಾ? ನಮ್ಮತ್ರ ಇರೋದು ಒಂದೇ ಅಲ್ವಾ?"

"ಒಂದು ಸಾಕು ಮಾರಾಯ. ಎಲ್ಲರೂ ಒಂದೊಂದು ತರ್ತಾರೆ."

"ಎಲ್ಲರೂ? ಎಲ್ಲರ ಮನೇಲೂ ಇದೆಯಾ?"

"ಇಲ್ದೆ ಏನು? ನೊರೀನ್‌ದು ಯಾವಾಗ್ಲೂ ಚೆನ್ನಾಗಿರತ್ತೆ. ಡಾಟ್‌ದು ಸ್ವಲ್ಪ ಗಟ್ಟಿ."

ಊರಿನ ಬಗ್ಗೆ ಅವನ ಅಭಿಪ್ರಾಯ ಮೇಲೇರುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಯಾಕೆ ಎಂದು ನನಗೆ ತಿಳಿಯಲಿಲ್ಲ.

"ಮುಚ್ಚಳ ಹಾಕಿಯೇ ತರಬೇಕಲ್ವಾ?"

"ನೊಣ ಕೂರತ್ತೆ, ಮುಚ್ಚೇ ತಾ."

"ತಣ್ಣಗೂ ಇರಬೇಕು."

"ತಣ್ಣಗಿದ್ರೆ ಯಾರೂ ಬೇಡ ಅನ್ನಲ್ಲ. ಐಸ್ ಪೆಟ್ಟಿಗೇಲಿ ಹಾಕ್ಕೊಂಡು ಬಾ."

"ಒಳ್ಳೇ ಜನ," ಎಂದ ಫರ್ಗಸ್.

ನಾನು ಮನೆಗೆ ಹೋಗಿ ಎರಡು ಸಲ ಸ್ನಾನ ಮಾಡಿ, ಮಸಾಲೆ ಹಾಕಿದ ಮೊಟ್ಟೆಯ ಸ್ಯಾಂಡ್‌ವಿಚ್ ಮಾಡಿಕೊಂಡು ಹಾಲ್ ತಲುಪುವಾಗ ಸೂರ್ಯ ಮುಳುಗಿದ್ದ. ಉದ್ದನೆಯ ಮೇಜಿನ ಮೇಲೆ ತಟ್ಟೆಗಳ ಸಾಲು: ಸಾಸೇಜ್ ರೋಲ್, ಕೊಬ್ಬರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು, ಮೂರು ಬಣ್ಣದ ಜೆಲ್ಲಿ. ಒಳ್ಳೆಯ ತಟ್ಟೆಗೆ ರಿಬ್ಬನ್ ಕೊಡುವ ಪದ್ಧತಿ ಇದೆ. ತೀರ್ಪುಗಾರ ಮುದುಕ ಕ್ಲಾರಿ. ಅವನಿಗೆ ಕಣ್ಣು ಅರ್ಧ ಕಾಣುವುದಿಲ್ಲ. ಆದ್ದರಿಂದ ಯಾವುದು ಯಾರ ತಟ್ಟೆ ಎಂದು ಗೊತ್ತಾಗದೆ ನ್ಯಾಯವಾಗಿ ಇರುತ್ತಾನೆ ಎಂದು ಊರಿನ ನಂಬಿಕೆ. ರೇಸಿನ ದಿನ ಮೊಸಳೆ ಬಂತೇ ಎಂದು ನೋಡಿ ಹಾರ್ನ್ ಊದುವ ಕೆಲಸವೂ ಅವನದೇ. ಅದಕ್ಕೆ ಕಾರಣ ಏನು ಎಂದು ಯಾರೂ ಕೇಳಿಲ್ಲ.

ಕ್ಲಾರಿ ಚಮಚ ಹಿಡಿದು ಮೇಜಿನ ತುದಿಯಲ್ಲಿ ನಿಂತಿದ್ದ. ಅವನ ಮುಂದೆ ನಮ್ಮ ಗಾಜಿನ ಪ್ಲೇಟು. ಮುಚ್ಚಳ ಪಕ್ಕದಲ್ಲಿತ್ತು. ಅರ್ಧ ಜೆಲ್ಲಿ ಇರಲಿಲ್ಲ.

"ಇದ್ಯಾರದು?" ಎಂದ ಕ್ಲಾರಿ, ಬಾಯಿ ಚಪ್ಪರಿಸುತ್ತಾ. ಮುಚ್ಚಳವನ್ನು ಕಣ್ಣಿನ ಹತ್ತಿರ ತಂದುಕೊಂಡ. ಅದರ ಮೇಲೆ ಫರ್ಗಸ್ ಬ್ಯಾಕ್ಟೀರಿಯಾದ ಹೆಸರು ಬರೆದಿದ್ದ: ವಿಬ್ರಿಯೋ ಫಿಶರಿ. "ಫಿಶ್... ಫಿಶ್ ಏನೋ. ಮೀನಿನ ಜೆಲ್ಲಿ. ಉಪ್ಪು ಹದವಾಗಿದೆ. ಸ್ಕಾಟ್ಲೆಂಡಿನೋರು ಇಂಥದ್ದೇ ತಿನ್ನೋದು ಅಂತ ನಮ್ಮಪ್ಪ ಹೇಳ್ತಿದ್ದ."

"ಕೊಡಿಲ್ಲಿ, ನೋಡೋಣ," ಎಂದು ಡಾಟ್ ಅವನ ಚಮಚವನ್ನೇ ಕಿತ್ತುಕೊಂಡು ಒಂದು ಚೂರು ಬಾಯಿಗೆ ಹಾಕಿಕೊಂಡಳು. ಯಾವ ಸ್ಪರ್ಧೆಯಾದರೂ ಎದುರಾಳಿಯದನ್ನು ರುಚಿ ನೋಡದೆ ಡಾಟ್ ಬಿಡುವವಳಲ್ಲ. ಉದ್ದ ಹೆಂಗಸು, ತಂಗಿಗಿಂತ ಒಂದು ತಲೆ ಎತ್ತರ, ಅದನ್ನೂ ಗೆಲುವು ಎಂದೇ ಎಣಿಸುತ್ತಿದ್ದಳು. "ಸಪ್ಪೆ," ಎಂದು ಗಲ್ಲ ಒರೆಸಿಕೊಂಡಳು.

ಫರ್ಗಸ್ ಹಾಲಿನ ಆ ಕಡೆಯಿಂದ, ಕೈಯಲ್ಲಿ ಲ್ಯಾಮಿಂಗ್ಟನ್ ಹಿಡಿದು ಬಂದ. ನನ್ನನ್ನು ನೋಡಿ, "ಟೀಗನ್, ಬೇರೆಯವರ ಪ್ಲೇಟುಗಳೆಲ್ಲಿ? ಬರೀ ತಿಂಡಿ ಇದೆ," ಎಂದ. ಆಮೇಲೆ ಕ್ಲಾರಿಯನ್ನು ನೋಡಿದ. ಆಮೇಲೆ ಪ್ಲೇಟನ್ನು. ಲ್ಯಾಮಿಂಗ್ಟನ್ ನೆಲಕ್ಕೆ ಬಿತ್ತು.

"ಅದನ್ನ ತಿಂದ್ರಾ?"

"ತಿಂದೆ ಮಗಾ. ಚೆನ್ನಾಗಿದೆ. ಎರಡನೇ ಬಹುಮಾನಕ್ಕೆ ಇಟ್ಕೊಂಡಿದೀನಿ."

"ಅದು ಬ್ಯಾಕ್ಟೀರಿಯಾ."

ಟ್ರೆವರ್ ಸಾಸೇಜ್ ರೋಲನ್ನು ಬಾಯಿಯಿಂದ ಹೊರತೆಗೆದ.

"ಏನೂ ಆಗಲ್ಲ," ಎಂದೆ. "ಸಮುದ್ರದ್ದು ಅದು. ಮೈ ಬಿಸಿಗೆ ಸತ್ತೋಗತ್ತೆ."

"ಯಾರು?" ಎಂದ ಕ್ಲಾರಿ.

"ಬ್ಯಾಕ್ಟೀರಿಯಾ."

"ಹಾಗಾದ್ರೆ ಸರಿ," ಎಂದು ಅವನು ಮತ್ತೆ ಚಮಚ ಹುಡುಕಿದ. ಫರ್ಗಸ್ ಪ್ಲೇಟನ್ನು ಎತ್ತಿಕೊಂಡು ಎದೆಗೆ ಒತ್ತಿ ಹಿಡಿದ.

ಮೊದಲು ಅರ್ಥವಾದದ್ದು ನೊರೀನ್‌ಗೆ. ಜನರನ್ನು ತಳ್ಳಿಕೊಂಡು ಬಂದಳು. "ನನ್ ರೇಸಿನ ಹುಳಾನಾ? ಇದ್ದಿದ್ದು ಅಷ್ಟೇನಾ?" ಕ್ಲಾರಿಯ ಅಂಗಿ ಹಿಡಿದಳು. "ಉಗಿಯೋ."

"ಹೇಗೆ ಉಗೀಲಿ? ಹೋಯ್ತು ಅದು."

"ಉಳಿದಿರೋದು ಬದುಕಿದೆಯಾ ನೋಡೋಣ ತಡೀರಿ," ಎಂದ ಫರ್ಗಸ್. ಆ ಹೊತ್ತಿನಲ್ಲಿ ಅವನ ಮಾತು ಎಲ್ಲರಿಗೂ ಅರ್ಥವಾಯಿತು. "ದೀಪ ಆರಿಸಿ. ಎಲ್ಲಾ."

ದೀಪ ಆರಿತು. ಮೊದಲು ಏನೂ ಕಾಣಲಿಲ್ಲ. ಯಾರೋ ಯಾರದೋ ಕಾಲು ತುಳಿದರು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಫರ್ಗಸ್‌ನ ಎದೆಯ ಹತ್ತಿರ ಅರ್ಧಚಂದ್ರದಂತೆ ನೀಲಿ ಬೆಳಕು ಕಂಡಿತು. ಅರ್ಧ ಪ್ಲೇಟು ಬದುಕಿತ್ತು. ನೊರೀನ್ ಉಸಿರುಬಿಟ್ಟದ್ದು ಹಾಲಿಗೆಲ್ಲ ಕೇಳಿಸಿತು.

ಆಮೇಲೆ ಉಳಿದವು ಒಂದೊಂದಾಗಿ ಕಂಡವು. ಮೇಜಿನ ಮೇಲೆ ಒಂದು ಚಮಚ ಹೊಳೆಯುತ್ತಿತ್ತು. ಅದನ್ನು ಅದ್ದಿದ್ದ ಟ್ರೈಫಲ್ ಎಂಬ ಸಿಹಿಯ ಬಟ್ಟಲಲ್ಲಿ ಒಂದು ಚುಕ್ಕೆ. ಎತ್ತರದಲ್ಲಿ ಒಂದು ಗಲ್ಲ, ಡಾಟ್‌ದು. ಅದರ ಪಕ್ಕದಲ್ಲಿ, ಗಾಳಿಯಲ್ಲಿ ತಾನೇ ನಿಂತ ಹಾಗೆ, ನೀಲಿ-ಹಸಿರು ಬಣ್ಣದ ಒಂದು ಜೋಡಿ ಮೀಸೆ.

"ಯಾಕೆ ಎಲ್ಲ ನಗ್ತಿದೀರಿ?" ಎಂದಿತು ಮೀಸೆ.

"ಅಯ್ಯೋ, ಇರು," ಎಂದಳು ನೊರೀನ್. ಏಪ್ರನ್ನಿನ ಜೇಬಿನಿಂದ ಬಟ್ಟೆ ತೆಗೆದ ಸದ್ದಾಯಿತು. ಆಕೆ ಕ್ಲಾರಿಯ ಬಾಯಿ ಒರೆಸಿದಳು.

ಮೀಸೆ ಆರಿಹೋಯಿತು. ಉಜ್ಜಿದ ಬೆಳಕು ಬಟ್ಟೆಗಾದರೂ ಹತ್ತಬೇಕಿತ್ತು, ಅಲ್ಲೂ ಇಲ್ಲ. ಸ್ವಿಚ್ ಒತ್ತಿದ ಹಾಗೆ.

ಕತ್ತಲೆಯಲ್ಲಿ ಫರ್ಗಸ್ ಕೇಳಿದ: "ಆ ಬಟ್ಟೆಯಲ್ಲಿ ಏನಿದೆ?"

"ಬಟ್ಟೇಲಿ ಬಟ್ಟೆ ಇರತ್ತೆ," ಎಂದಳು ನೊರೀನ್.

"ಇನ್ನೊಂದು ಸಲ ಒರೆಸಿ. ಅವರ ಗಲ್ಲ."

"ನನ್ ಗಲ್ಲದ ಸುದ್ದಿಗೆ ಬರ್ಬೇಡಿ," ಎಂದಳು ಡಾಟ್.

"ದಯವಿಟ್ಟು ಅಲ್ಲಾಡ್ಬೇಡಿ. ಮೊದಲು ಇದು, ಶುದ್ಧವಾದ ಪೇಪರ್ ನ್ಯಾಪ್‌ಕಿನ್." ಫರ್ಗಸ್ ಡಾಟ್‌ಳ ಗಲ್ಲದ ಎಡಭಾಗವನ್ನು ಒರೆಸಿದ. ನ್ಯಾಪ್‌ಕಿನ್ ಹೊಳೆಯಿತು. "ಸರಿ. ಈಗ ಬಲಗಡೆ, ನೊರೀನ್‌ರ ಬಟ್ಟೆ." ಬಲಗಡೆ ಒರೆಸಿದ. ಬಲಗಡೆ ಆರಿತು, ಬಟ್ಟೆ ಹೊಳೆಯಲಿಲ್ಲ. "ನೋಡಿದ್ರಾ? ಎಡಗಡೆ ನ್ಯಾಪ್‌ಕಿನ್ ನಮ್ಮ ಹೋಲಿಕೆಗೆ."

"ನನ್ ಮುಖ ಉರೀತಿದೆ," ಎಂದಳು ಡಾಟ್. "ಇದೇನೇ ನೊರೀನ್, ಥಿನ್ನರ್ ವಾಸನೆ?"

ದೀಪ ಹೊತ್ತಿತು. ನೊರೀನ್‌ಳ ಕೈಯಲ್ಲಿ ಕೆಂಪು ಪೇಂಟಿನ ಕಲೆಗಳ ಚಿಂದಿ ಇತ್ತು. ಮಧ್ಯಾಹ್ನ ಟಬ್ಬಿಗೆ ಕೊನೆಯ ಕೋಟ್ ಹೊಡೆದು ಕೈ ಒರೆಸಿಕೊಂಡದ್ದು. ಟ್ರೆವರ್ ಸಾಸೇಜ್ ರೋಲನ್ನು ಮೇಜಿನ ಮೇಲಿಟ್ಟು ಮುಂದೆ ಬಂದ.

"ನೊರೀನ್. ಬ್ರಷ್‌ಗಳನ್ನ ಎಲ್ಲಿ ತೊಳೆದ್ರಿ?"

ಆಕೆ ಸೀಲಿಂಗ್ ಫ್ಯಾನ್ ನೋಡಿದಳು.

"ದೋಣಿಕಟ್ಟೇಲಾ?"

"ಎಲ್ಲರೂ ಅಲ್ಲೇ ತಾನೇ ಮೀನು ತೊಳೆಯೋದು?"

"ಮೀನು ತೊಳೆಯೋದು ಬೇರೆ. ಎಷ್ಟು ಥಿನ್ನರ್?"

"ಒಂದು ಡಬ್ಬ. ದೊಡ್ಡದು. ಅದು ಆರಿ ಹೋಗತ್ತೆ ಅಂತ ಡಬ್ಬದ ಮೇಲೇ ಬರ್ದಿದೆ ಟ್ರೆವರ್. ಅಷ್ಟು ದೊಡ್ಡ ಮಡು. ನಂಗೇನು ಗೊತ್ತು ಆ ಮೀನುಗಳು ಅಲ್ಲೇ ಕೂತಿರ್ತಾವೆ ಅಂತ?"

"ಕಬ್ಬಿನವರ ಕಳೆನಾಶಕ ಅಂದ್ರಿ ನಮ್ಮತ್ರ," ಎಂದೆ.

"ಅವರೂ ಹಾಕ್ತಾರೆ," ಎಂದಳು ನೊರೀನ್. ಕಬ್ಬಿನವರು ಹಾಲಿನ ಅರ್ಧ ಭಾಗದಷ್ಟಿದ್ದರು. ಎಲ್ಲರೂ ಇದ್ದಕ್ಕಿದ್ದಂತೆ ಜೆಲ್ಲಿ ಬಡಿಸಿಕೊಳ್ಳಲು ಹೊರಟರು.

ಟ್ರೆವರ್ ತೀರ್ಪು ಕೊಟ್ಟ. ರೂಲ್ಸ್ ಪ್ರಕಾರ ನಾಳೆ ನೀರಿನ ರಿಪೋರ್ಟ್ ಸರಿ ಬರಬೇಕು. ಬಂದರೂ ಆ ಕೆಂಪು ಟಬ್ ನೀರಿಗೆ ಇಳಿಯುವ ಹಾಗಿಲ್ಲ. ನೊರೀನ್ ಕುರ್ಚಿಯಲ್ಲಿ ಕೂತಳು. ಡಾಟ್ ಒದ್ದೆ ಬಟ್ಟೆಯಿಂದ ಗಲ್ಲ ಒರೆಸಿಕೊಳ್ಳುತ್ತಾ ಆಕೆಯ ಪಕ್ಕದಲ್ಲೇ ಕೂತಳು.

"ಸೋಲೋಕೆ ಮುಂಚೆ ಸೋತವಳು ನೀನೊಬ್ಬಳೇ ಕಣೇ," ಎಂದಳು.

ಶುಕ್ರವಾರ ಬೆಳಿಗ್ಗೆ ಟ್ರೆವರ್ ಮಡುವಿನ ಹೊಸ ನೀರು ತಂದು ನಮ್ಮ ಬೆನ್ನ ಹಿಂದೆಯೇ ನಿಂತ. ನೊರೀನ್ ಬಾಗಿಲ ಹೊರಗೆ. ಒಳಗೆ ಬಿಡಬಾರದು ಎಂದು ನಾನೇ ಹೇಳಿದ್ದೆ. ಆಕೆಯ ಕೈಯ ಥಿನ್ನರ್ ಇನ್ನೂ ಪೂರ್ತಿ ಹೋಗಿರಲಿಲ್ಲ. ಆಕೆ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದಳು.

ಫರ್ಗಸ್ ಕ್ಲಾರಿಯ ಚಮಚ ತಾಗದ ಅಂಚಿನಿಂದ ಬ್ಯಾಕ್ಟೀರಿಯಾ ಕೆರೆದು ಉಪ್ಪುನೀರಿನಲ್ಲಿ ಕದಡಿದ, ಸಣ್ಣ ನಳಿಗೆಗಳಿಗೆ ಹಾಕಿ ತಂಪಾಗಿ ಇಟ್ಟ, ಬೆಳಕು ಅಳೆದ. ಮಡುವಿನ ನೀರಿಗೂ ಉಪ್ಪು ಸೇರಿಸಬೇಕು. ಸಮುದ್ರದ ಜೀವಕ್ಕೆ ಸಪ್ಪೆ ನೀರೇ ವಿಷ. ಆ ನೀರನ್ನು ನಳಿಗೆಗಳಿಗೆ ಹಾಕಿ ಕಾದೆವು. ಟ್ರೆವರ್ ಉಗುರು ಕಚ್ಚುತ್ತಿದ್ದ. ಅವನಿಗೂ ರೇಸ್ ಬೇಕಿತ್ತು, ಆದರೆ ಯಾರೂ ನೋಡದ ಹಾಗೆ ಬೇಕಿತ್ತು.

ಮತ್ತೆ ಅಳೆದಾಗ ಬೆಳಕು ಇಳಿದಿತ್ತು. ಸ್ವಲ್ಪವೇನಲ್ಲ.

ನಾನು ಕಿಟಕಿಯ ಕಡೆ ನೋಡಬಾರದಿತ್ತು, ನೋಡಿದೆ. ನೊರೀನ್ ನನ್ನ ಮುಖ ಓದಿಕೊಂಡು ಗಾಜಿನಿಂದ ಮೂಗು ತೆಗೆದಳು. ಗಾಜಿನ ಮೇಲೆ ಉಸಿರಿನ ಗುರುತು ಮಾತ್ರ ಉಳಿಯಿತು.

"ಆಯ್ತಲ್ಲ," ಎಂದ ಟ್ರೆವರ್.

"ಆಗಿಲ್ಲ," ಎಂದ ಫರ್ಗಸ್. ಮಡುವಿನ ಬಾಟಲಿಯನ್ನು ಬೆಳಕಿಗೆ ಹಿಡಿದ. "ಇದರ ಬಣ್ಣ ನೋಡಿ. ಏನಿದು?"

"ಮಡು ನೀರು. ಯಾವಾಗ್ಲೂ ಹಾಗೇ ಇರತ್ತೆ," ಎಂದೆ. ದಡದ ಮರಗಳ ಎಲೆ ತೊಗಟೆಗಳೆಲ್ಲ ಅದರಲ್ಲೇ ನೆನೆಯುತ್ತವೆ. ಹಾಲು ಹಾಕದ ಚಹಾದ ಬಣ್ಣ.

"ಚಹಾದೊಳಗೆ ಟಾರ್ಚ್ ಹಾಕಿದ್ರೆ ಮಂಕಾಗಿ ಕಾಣತ್ತೆ. ಟಾರ್ಚ್ ಕೆಟ್ಟಿದೆ ಅಂತೀರಾ? ದೋಣಿಕಟ್ಟೆಗಿಂತ ತುಂಬಾ ಮೇಲಿಂದ, ಥಿನ್ನರ್ ಮುಟ್ಟದ ಕಡೆಯಿಂದ ನೀರು ಬೇಕು. ಬೇಗ. ನನ್ನತ್ರ ಇನ್ನೊಂದೇ ಸಲಕ್ಕೆ ಆಗೋಷ್ಟಿದೆ. ಮಿಕ್ಕಿದ್ದು ಕ್ಲಾರಿ ಹೊಟ್ಟೇಲಿದೆ."

ನೊರೀನ್ ಆಗಲೇ ಪಿಕಪ್‌ನಲ್ಲಿ ಕೂತಿದ್ದಳು. ಟ್ರೆವರ್ ನೀರು ತುಂಬಿದ, ಆಕೆ ಬಾಟಲಿ ಮುಟ್ಟದಂತೆ ನಾನು ಕಾವಲು ನಿಂತೆ. ವಾಪಸ್ ಬಂದು ಪರೀಕ್ಷೆ ಮಾಡಿದರೆ ಮೇಲಿನ ನೀರಿನಲ್ಲೂ ಬೆಳಕು ಅಷ್ಟೇ ಇಳಿಯಿತು, ಕೂದಲೆಳೆ ವ್ಯತ್ಯಾಸ. ಅಂದರೆ ಬೆಳಕನ್ನು ನುಂಗಿದ್ದು ಬಣ್ಣ, ವಿಷವಲ್ಲ. ಥಿನ್ನರ್ ಡಬ್ಬದ ಮೇಲೆ ಬರೆದ ಹಾಗೆಯೇ ಆರಿಹೋಗಿತ್ತು, ಮೀನುಗಳನ್ನು ಸಾಯಿಸಿದ ಮೇಲೆ.

"ರೇಸ್ ಇದೆ," ಎಂದ ಟ್ರೆವರ್, ತನಗೆ ಏನೂ ಅಲ್ಲ ಎನ್ನುವ ಹಾಗೆ.

ರೇಸ್ ಇತ್ತು, ನೊರೀನ್‌ಗೆ ಟಬ್ ಇರಲಿಲ್ಲ. ಊರಿನ ಟಬ್ಬುಗಳಿಗೆಲ್ಲ ಆಗಲೇ ಯಜಮಾನರಿದ್ದರು. ಆಕೆ ನಮ್ಮ ಹಿತ್ತಿಲಿನಲ್ಲಿ ಓಡಾಡುತ್ತಾ ಒಂದು ಕಡೆ ನಿಂತಳು.

"ಇದು ತೇಲತ್ತಾ?"

ಸತ್ತ ಫ್ರೀಜರ್. ಪೆಟ್ಟಿಗೆಯಂಥದ್ದು, ಮೇಲಕ್ಕೆ ತೆರೆಯುವ ಮುಚ್ಚಳ. ಗೋಡೆಯೊಳಗೆಲ್ಲ ಥರ್ಮೋಕೋಲು.

"ತೇಲತ್ತೆ," ಎಂದ ಫರ್ಗಸ್. "ವಾಸನೆಗೆ ನಾವು ಜವಾಬ್ದಾರರಲ್ಲ."

ಹಿಂಬದಿಯ ಯಂತ್ರವನ್ನು ಬಿಚ್ಚಿ ಹಾಕಿದೆವು. ಮುಚ್ಚಳದ ತಿರುಪುಗಳು ತುಕ್ಕು ಹಿಡಿದು ಬಿಚ್ಚಲಾಗಲಿಲ್ಲ, ಹಾಗೇ ಬಿಟ್ಟೆವು. ಅದನ್ನು ಟಬ್ ಎಂದು ಒಪ್ಪಬಹುದೇ ಎಂದು ಟ್ರೆವರ್ ತಲೆ ಕೆರೆದುಕೊಂಡು, ಎದುರಾಳಿಗಳನ್ನೇ ಕೇಳಿದ. ಎದುರಾಳಿ ಎಂದರೆ ಡಾಟ್, ಉಳಿದವರು ಲೆಕ್ಕಕ್ಕಿಲ್ಲ.

"ನಂದೇನೂ ತಕರಾರಿಲ್ಲ," ಎಂದಳು ಡಾಟ್. ಗಲ್ಲದ ಬಲಗಡೆ ಇನ್ನೂ ಕೆಂಪಾಗಿತ್ತು. "ಅವಳು ಫ್ರಿಜ್‌ನಲ್ಲಿ ಕೂತು ಸೋಲೋದನ್ನ ನೋಡ್ಬಿಟ್ಟು ಪರ್ತ್‌ಗೆ ಹೋಗ್ತೀನಿ. ಅಲ್ಲಿಯೋರಿಗೆ ಹೇಳೋಕೆ ಒಂದು ಕತೆಯಾಯ್ತು."

ಶನಿವಾರ ಸಮುದ್ರದ ಕಡೆಯಿಂದ ಗಾಳಿ ಇತ್ತು. ಕ್ಲಾರಿ ದಡದಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಹಾರ್ನ್ ಇಟ್ಟುಕೊಂಡು ಮೊಸಳೆ ಕಾಯುತ್ತಿದ್ದ. ಹಾರ್ನ್ ಊದಿದರೆ ಎಲ್ಲರೂ ಹುಟ್ಟು ಎತ್ತಿ ಕೈ ಒಳಗೆ ಹಾಕಿ ಕೂರಬೇಕು, ರೇಸಿಗೆ ಇರುವ ಒಂದೇ ನಿಯಮ ಅದು.

ಶಿಳ್ಳೆ ಊದಿದ ಕೂಡಲೇ ಡಾಟ್ ಮುಂದೆ ಹೋದಳು. ಅವಳ ಹುಟ್ಟು ನೀರಿಗೆ ಬೀಳುವ ಸದ್ದೇ ಬೇರೆ. ನೊರೀನ್ ಗಟ್ಟಿಯಾಗಿ ಹುಟ್ಟು ಹಾಕಿದಳು, ಫ್ರೀಜರ್ ಗಿರ್ರನೆ ಸುತ್ತಿತು. ಮತ್ತೆ ಹಾಕಿದಳು, ಮತ್ತೆ ಸುತ್ತಿತು. ಚೌಕದ ವಸ್ತು ಯಾವುದೂ ನೆಟ್ಟಗೆ ಹೋಗುವುದಿಲ್ಲ ಎಂದು ಆಗ ಗೊತ್ತಾಯಿತು. ಸೀಗಡಿಯ ವಾಸನೆಗೆ ಮಡುವಿನ ಪೆಲಿಕನ್‌ಗಳೆಲ್ಲ ಆಕೆಯ ಹಿಂದೆ ಬಿದ್ದವು. ಒಂದು ಹಕ್ಕಿ ಫ್ರೀಜರಿನ ಅಂಚಿನಲ್ಲಿ ಕೂತು ಆಕೆಯ ಮುಖವನ್ನೇ ನೋಡಿತು.

"ಹುಟ್ಟು ಹಾಕು, ಇಲ್ಲಾಂದ್ರೆ ಇಳಿ," ಎಂದಳು ನೊರೀನ್ ಅದಕ್ಕೆ.

ಡಾಟ್ ಗುರಿಯ ಹಗ್ಗಕ್ಕೆ ಕೈಚಾಚುವಷ್ಟು ಹತ್ತಿರವಿದ್ದಾಗ ಕ್ಲಾರಿ ಎದ್ದು ನಿಂತ. ನೀರಿನಲ್ಲಿ ಉದ್ದನೆಯದು, ಹಸಿರು ಬಣ್ಣದ್ದು, ಸದ್ದಿಲ್ಲದೆ ದಡದ ಕಡೆ ಬರುವುದು ಅವನಿಗೆ ಕಂಡಿತ್ತು. ಅದು ಡಾಟ್‌ಳ ಟಬ್. ಅವನು ಜೀವ ಹೋಗುವ ಹಾಗೆ ಹಾರ್ನ್ ಊದಿದ.

ಎಲ್ಲರೂ ಹುಟ್ಟು ಎತ್ತಿದರು. ಡಾಟ್ ಬೈಯುತ್ತಾ ಕೈ ಒಳಗೆ ಹಾಕಿಕೊಂಡು ಕೂತಳು. ನೊರೀನ್ ಕೂಡ ಕೂತಳು. ಅಲ್ಲಾಡಲಿಲ್ಲ, ಇದನ್ನು ಇಡೀ ಊರು ನೋಡಿದೆ. ಆದರೆ ನಾವು ಬಿಚ್ಚಲಾಗದೆ ಬಿಟ್ಟ ಮುಚ್ಚಳ ಆಕೆಯ ಬೆನ್ನ ಹಿಂದೆ ನೆಟ್ಟಗೆ ತೆರೆದು ನಿಂತಿತ್ತು. ಗಾಳಿ ಅದನ್ನು ತುಂಬಿಕೊಂಡಿತು. ಫ್ರೀಜರ್ ಅರ್ಧ ಸುತ್ತು ತಿರುಗಿ, ಬೆನ್ನು ಮುಂದಾಗಿ, ನಿಧಾನವಾಗಿ ಹೊರಟಿತು. ಡಾಟ್‌ಳನ್ನು ದಾಟಿತು. ನೊರೀನ್ ಕೈಕಟ್ಟಿಕೊಂಡು, ಪೆಲಿಕನ್ ಪಕ್ಕದಲ್ಲಿ ಕೂತು, ಅಕ್ಕನ ಮುಖವನ್ನು ನೋಡುತ್ತಾ ನೋಡುತ್ತಾ ಹಿಂದುಹಿಂದಾಗಿ ಹಗ್ಗ ದಾಟಿದಳು.

"ಹಿಂದಕ್ಕೆ ಹೋಗಿ ಗೆಲ್ಲೋದು ಇದೆಯಾ?" ಎಂದು ಡಾಟ್ ನೀರಿನಿಂದಲೇ ಕೇಳಿದಳು.

ಟ್ರೆವರ್ ಹಗ್ಗವನ್ನು ನೋಡಿದ, ಫ್ರೀಜರನ್ನು ನೋಡಿದ. "ರೂಲ್ಸ್‌ನಲ್ಲಿ ಬೇಡ ಅಂತ ಇಲ್ಲ."

ಬಹುಮಾನದ ಊಟಕ್ಕೆ ಫರ್ಗಸ್ ಬಂದ. ಪ್ಲೇಟು ಅಂದರೆ ಲ್ಯಾಬಿನದಲ್ಲ, ಮನೆಯ ಊಟದ ತಟ್ಟೆ ಎಂದು ನಾನು ಬೆಳಿಗ್ಗೆಯೇ ಬಿಡಿಸಿ ಹೇಳಿದ್ದೆ. ಅವನು ಚೆನ್ನಾಗಿ ತೊಳೆದು ಒರೆಸಿದ ಊಟದ ತಟ್ಟೆ ತಂದಿದ್ದ. ಖಾಲಿ. ಕ್ಲಾರಿ ಅದರ ಮೇಲೆ ಎರಡನೇ ಬಹುಮಾನದ ರಿಬ್ಬನ್ ಇಟ್ಟ.

ನೊರೀನ್ ಗೆದ್ದ ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಡಾಟ್ ಎರಡು ಗ್ಲಾಸ್ ಜಿಂಜರ್ ಬಿಯರ್ ತಂದು ಒಂದನ್ನು ಆಕೆಗೆ ಕೊಟ್ಟಳು.

"ಮಗಳಿಗೆ ಫೋನ್ ಮಾಡ್ದೆ," ಎಂದಳು. "ಪರ್ತ್‌ಗೆ ಬರೋ ವರ್ಷ ಹೋಗ್ತೀನಿ. ರೇಸ್ ಆದ್ಮೇಲೆ."

ನೊರೀನ್ ಗ್ಲಾಸನ್ನು ಮೂಸಿ ನೋಡಿದಳು, ಕುಡಿಯಲಿಲ್ಲ. ಅಕ್ಕ ಸಾಸೇಜಿನ ಕಡೆ ಹೋಗುವವರೆಗೂ ಕಾದು ನನ್ನ ತೋಳು ಹಿಡಿದು ಎಳೆದಳು.

"ಬರೋ ವರ್ಷಕ್ಕೆ ಬೇಕು, ಆ ಫ್ರೀಜರ್ ರಿಪೇರಿಗೆ ಕೊಡ್ಬೇಡ ಕಣೇ," ಎಂದಳು. "ಸೀಗಡಿ ಕೂಡ ತೆಗೀಬೇಡ."